ಎರಡು ಪರ್ಸೆಂಟಿನ ಸಾವು

"ಇನ್ನೊಮ್ಮೆ ಹಚ್ಚರಿ," ಎಂದಳು ವಹೀದಾ.

ನೀಲಾಂಬಿಕಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕಿಚೀಲಗಳ ನಡುವೆ, ಸತ್ತುಹೋದ ಮುದುಕಿಯ ದನಿ ಮತ್ತೆ ಎದ್ದಿತು.

"ಯವ್ವಾ... ಸೊಂಟಾ ಮುರದೈತಿ... ಫ... ಜ... ಬಂದಾನ... ನನ್ನ ದಬ್ಬಿದ..."

ನಡುವೆ ತುರ್ತು ಕರೆಯ ಕಚೇರಿಯ ಹೆಂಗಸಿನ ಇಂಗ್ಲಿಷ್. "ಮ್ಯಾಮ್, ನನಗೆ ಅರ್ಥವಾಗುತ್ತಿಲ್ಲ. ಫೋನ್ ಇಡಬೇಡಿ. ಕಾರು ಕಳಿಸುತ್ತಿದ್ದೇನೆ."

ಮಿಷಿಗನ್‌ನ ಪ್ಲಿಮತ್‌ಗೆ ಹೊಂದಿಕೊಂಡ ಹಾಲ್ಡನ್ ಎಂಬ ಪುಟ್ಟ ಸಿಟಿಯ ಫೈನಾನ್ಸ್ ಡೈರೆಕ್ಟರ್ ಸುಶಾಂತನ ತಾಯಿ ಮಲ್ಲಮ್ಮನನ್ನು ಹಾಡಹಗಲೇ ಅವರ ಮನೆಯ ಬೇಸ್‌ಮೆಂಟ್ ಮೆಟ್ಟಿಲಿನಿಂದ ಯಾರೋ ತಳ್ಳಿ ಕೊಂದಿದ್ದರು. ಅಂದು ಬೆಳಿಗ್ಗೆ ಆ ಮನೆಗೆ ಜೋಳದ ಹಿಟ್ಟು ಮುಟ್ಟಿಸಿ ಬಂದಿದ್ದ ಅಂಗಡಿಯವನು ಫಜಲುಲ್ಲಾ ಈಗ ಜೈಲಿನಲ್ಲಿದ್ದ. ಅವನ ಹೆಂಡತಿ ವಹೀದಾ ಖಾಸಗಿ ಪತ್ತೇದಾರಿಣಿ ನೀಲಾಂಬಿಕಾಳನ್ನು ಹುಡುಕಿ ಅಂಗಡಿಗೆ ಕರೆತಂದಿದ್ದಳು.

ಸರಕಾರಿ ವಕೀಲರು ಕೊಟ್ಟ ಇಂಗ್ಲಿಷ್ ಅನುವಾದ ಮೇಜಿನ ಮೇಲಿತ್ತು. 'ಫಜಲು ಬಂದಿದ್ದಾನೆ. ನನ್ನನ್ನು ತಳ್ಳಿದ.' ಕೆಳಗೆ ಸಣ್ಣ ಅಕ್ಷರದಲ್ಲಿ, ಅನುವಾದ ಮೃತಳ ಕುಟುಂಬದವರ ನೆರವಿನಿಂದ ಎಂದಿತ್ತು.

"ಆಕಿ ನಮ್ಮನ್ಯಾವರ ಹೆಸರು ಹೇಳಾಕತ್ತಿಲ್ಲರಿ," ವಹೀದಾ ಹೇಳಿದಳು. "ಮಲ್ಲಮ್ಮಕ್ಕ ಇವರನ್ನ ಎಂದೂ ಹೆಸರು ಹಿಡದು ಕರದಾಕಿ ಅಲ್ಲ. ಸಾವ್ಕಾರ ಅಂತಿದ್ಲು. ಅಂಗಡಿಗೆ ಫೋನ್ ಮಾಡಿದ್ರೂ ಅಷ್ಟ, ಸಾವ್ಕಾರ ಅದಾನೇನು ಅಂತ ಕೇಳಾಕಿ. ಸಾಯೂ ಹೊತ್ತಿನಾಗ ಹೊಸದಾಗಿ ಹೆಸರು ಕಲ್ತಾಳೇನು?"

ನೀಲಾಂಬಿಕಾ ದನಿಯ ವೇಗ ತಗ್ಗಿಸಿದಳು. ಹಿಂದಿನ ಗದ್ದಲವನ್ನು ಅಳಿಸಿದಳು. ಮುದುಕಿಯ ಉಸಿರು ಗರಗಸದಂತೆ ಎಳೆಯತೊಡಗಿತು. 'ಫ' ಆದಮೇಲೆ ಬಿಕ್ಕು. 'ಜ' ಆದಮೇಲೆ ಇನ್ನೊಂದು ಬಿಕ್ಕು. ಅದರಡಿಯಲ್ಲಿ ಮುಳುಗಿದ್ದ ಎರಡು ಅಕ್ಷರ ಈಗ ಮೇಲೆ ಬಂದವು.

ಫೌಜದಾರ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ವಹೀದಾ ಗದಗಿನವಳು. ನೀಲಾಂಬಿಕಾ ಬೆಳೆದದ್ದು ಶಾಮ್‌ಬರ್ಗಿನ ಅಪಾರ್ಟ್‌ಮೆಂಟುಗಳಲ್ಲಾದರೂ ಮನೆಯ ಮಾತು ಬಾಗಲಕೋಟೆಯದು. ಅವರ ಕಡೆ ಖಾಕಿ ತೊಟ್ಟ ಅಧಿಕಾರಿ ಯಾರಿದ್ದರೂ ಹಳೆಯ ಕಾಲದ ಹೆಂಗಸರ ಬಾಯಲ್ಲಿ ಅವನು ಫೌಜದಾರನೇ.

"ಪೊಲೀಸ," ಎಂದಳು ವಹೀದಾ. ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು.

"ಇನ್ನೂ ಐತಿ. ಕಡೀದು ಕೇಳ್ರಿ."

ರೆಕಾರ್ಡಿಂಗಿನ ಕೊನೆಯಲ್ಲಿ ಬಾಗಿಲ ಸದ್ದು, ಬೂಟಿನ ಸದ್ದು. ಮುದುಕಿಯ ದನಿ ಒಮ್ಮೆಲೇ ಇಳಿದು ಪಿಸುಮಾತಾಗಿತ್ತು. "ಮತ್ತ ಅವನ ಬಂದ." ಅಲ್ಲಿಗೆ ಕರೆ ಕಡಿದಿತ್ತು.

ಅನುವಾದದಲ್ಲಿ ಬರೀ 'ಅವನು ಬಂದ' ಎಂದಿತ್ತು.

"'ಮತ್ತ' ಬಿಟ್ಟಾರ," ನೀಲಾಂಬಿಕಾ ಹೇಳಿದಳು. "ಮತ್ತ ಅವನೇ ಬಂದ ಅನ್ನಾಕತ್ತಾಳ ಆಕಿ. ಮೊದಲು ದಬ್ಬಿ ಹೋದವನ ಎರಡನೇ ಸಲ ಬಂದ. ಕರೆ ಕೇಳಿ ಆ ಮನೆಗೆ ಹೋದಾಂವ ಒಬ್ಬನ. ಆಫೀಸರ್ ಕೈಲ್ ಬ್ರಾಂಟ್. ತಾನು ಹೋಗೂದ್ರಾಗ ಮುದುಕಿ ಸತ್ತಿದ್ಲು ಅಂತ ಹೇಳಿಕೆ ಕೊಟ್ಟಾನ."

ವಹೀದಾ ಅನುವಾದದ ಹಾಳೆಯನ್ನು ಮಗುಚಿ ಹಾಕಿದಳು. ಹಿಂದಿನ ದಿನ ಜೈಲಿನ ವೀಡಿಯೊ ಭೇಟಿಯಲ್ಲಿ ಗಂಡನನ್ನು ನೋಡಿ ಬಂದಿದ್ದಳು. ಮುದುಕಿಯನ್ನು ಕೊಂದವನು ಇವನೇ ಎಂದು ಒಳಗೆ ಯಾರೋ ಸುದ್ದಿ ಬಿಟ್ಟಿದ್ದರು. ಊಟದ ಸಾಲಿನಲ್ಲಿ ಅವನ ದವಡೆ ಮುರಿದಿದ್ದರು. ವೈದ್ಯರು ಹಲ್ಲುಗಳಿಗೆ ತಂತಿ ಬಿಗಿದಿದ್ದರು. ಬಾಯಿ ತೆರೆಯಲಾರದೆ ಅವನು ಅತ್ತಿದ್ದ. ಅಳು ಮೂಗಿನಿಂದ ಬಂದಿತ್ತು.

"ಕೊಂದಾವರೂ ಅವರ," ಎಂದಳು ಕೊನೆಗೆ. "ಕೈಗೆ ಬೇಡಿ ಹಾಕಿದಾವರೂ ಅವರ."

ಕಿಟಕಿಯಾಚೆ ಪಾರ್ಕಿಂಗ್ ಲಾಟಿನಲ್ಲಿ ಪೊಲೀಸ್ ಕಾರೊಂದು ಎಂದಿನಂತೆ ನಿಂತಿತ್ತು. ಫಜಲುಲ್ಲಾ ಬಂಧನವಾದಂದಿನಿಂದ ಅದು ಅಲ್ಲೇ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಏನಾದರೊಂದು ದಂಡದ ಟಿಕೆಟ್ ಬೀಳುತ್ತಿತ್ತು. ಒಬ್ಬರಿಗೆ ಹಿಂದಿನ ದೀಪ ಮಂಕು, ಇನ್ನೊಬ್ಬರಿಗೆ ನಂಬರ್ ಪ್ಲೇಟಿನ ಮೇಲೆ ಹಿಮ. ಗಿರಾಕಿಗಳು ಬರುವುದನ್ನೇ ಬಿಟ್ಟಿದ್ದರು.

"ಈಗ ಹೋಗಿ ಹೇಳೂಣು ನಡೀರಿ. ಜಡ್ಜ್ ಮುಂದ ಹೇಳೂಣು."

"ಒಂದು ಶಬ್ದ ಸಾಲೂದಿಲ್ಲರಿ. ಆ ಕಾಗದಕ್ಕ ಸತ್ತಾಕಿ ಮನ್ಯಾವರು ಹೂಂ ಅಂದಾರ. ಮಗನ ಮಾತು ಬಿಟ್ಟು ನಮ್ಮ ಮಾತು ಯಾರು ಕೇಳ್ತಾರ? ಮ್ಯಾಲ ಈ ರೆಕಾರ್ಡಿಂಗ್ ಪೂರಾ ಇಲ್ಲ. ಕರೆ ಇದಕ್ಕಿಂತ ಉದ್ದ ಇತ್ತಂತ ಫೋನ್ ಕಂಪನಿ ಹೇಳ್ತದ. ಯಾರೋ ಬಾಲ ಕತ್ತರಿಸ್ಯಾರ."

"ಯಾರು?"

ನೀಲಾಂಬಿಕಾ ಎದ್ದು ಕೋಟು ತೊಟ್ಟಳು.

*

ಹಾಲ್ಡನ್ ಸಿಟಿ ಹಾಲಿನಲ್ಲಿ ಅಂದು ಮಧ್ಯಾಹ್ನ ಪೊಲೀಸರ ಸಂಬಳದ ಒಪ್ಪಂದಕ್ಕೆ ಕೌನ್ಸಿಲ್ ಕೈಯೆತ್ತುವುದಿತ್ತು.

ನೀಲಾಂಬಿಕಾ ಕೊನೆಯ ಸಾಲಿನಲ್ಲಿ ಕುಳಿತಳು. ಈ ಜಗಳ ಶುರುವಾದದ್ದು ಹಿಂದಿನ ಬೇಸಿಗೆಯಲ್ಲಿ. ಅಕ್ಕಪಕ್ಕದ ಊರುಗಳಲ್ಲಿ ತಮಗಿಂತ ಹೆಚ್ಚು ಕೊಡುತ್ತಾರೆ, ಹದಿನಾಲ್ಕು ಪರ್ಸೆಂಟ್ ಏರಿಸಿ ಎಂದು ಯೂನಿಯನ್ ಪಟ್ಟು ಹಿಡಿದಿತ್ತು. ಎರಡರ ಮೇಲೆ ಒಂದು ಕಾಸೂ ಇಲ್ಲ ಎಂದು ಸಿಟಿಯ ಪರವಾಗಿ ಮಾತುಕತೆಗೆ ಕೂತ ಸುಶಾಂತ ಹೇಳಿದ್ದ.

ಮುಷ್ಕರ ಹೂಡಲು ಪೊಲೀಸರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ಹಾಗಾಗಿ ಅವರು ಒಟ್ಟಿಗೆ ಜ್ವರ ಬಂತೆಂದು ರಜೆ ಹಾಕಿದರು. ಕೌನ್ಸಿಲರುಗಳ ಮನೆ ಮುಂದೆ ಇಂಜಿನ್ ಆರಿಸದೆ ಗಂಟೆಗಟ್ಟಲೆ ಕಾರು ನಿಲ್ಲಿಸಿದರು. ಸುಶಾಂತನ ಬಡಾವಣೆಯಲ್ಲಂತೂ ದಿನಕ್ಕೆ ನಾಲ್ಕಾರು ಸಲ ಅವರ ಕಾರು ಸುತ್ತು ಹಾಕುತ್ತಿತ್ತು. ಅದೆಷ್ಟು ಮಾಮೂಲಾಯಿತೆಂದರೆ, ಕೊಲೆಯ ದಿನ ಎದುರು ಮನೆಯ ಕ್ಯಾಮೆರಾದಲ್ಲಿ ಸಿಕ್ಕ ಪೊಲೀಸ್ ಕಾರನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಫಜಲುಲ್ಲಾನ ವ್ಯಾನನ್ನು ಹಿಡಿದರು. ವ್ಯಾನ್ ಬಂದದ್ದು ಅದರಲ್ಲಿತ್ತು, ಹೋದದ್ದೂ ಇತ್ತು. ಆಮೇಲೆ ಹಿತ್ತಲಿನಿಂದ ನಡೆದು ವಾಪಸು ಬಂದನೆಂದು ಕೇಸು ಕಟ್ಟಿದರು. ಹಿತ್ತಲಿನ ಫೋಟೊಗಳಲ್ಲಿ ಹಿಮದ ಮೇಲೆ ಮೊಲದ ಹೆಜ್ಜೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮಲ್ಲಮ್ಮ ಸತ್ತ ವಾರವೇ ಯೂನಿಯನ್ ಎರಡು ಪರ್ಸೆಂಟಿಗೆ ಒಪ್ಪಿಕೊಂಡಿತು. ದುಃಖದ ಮನೆಯ ಜೊತೆ ಜಗಳ ಬೇಡ ಎಂದು ಯೂನಿಯನ್ ಅಧ್ಯಕ್ಷ ಸಾರ್ಜೆಂಟ್ ಡಾಲ್ಟನ್ ಪತ್ರಿಕೆಗೆ ಹೇಳಿದ. ಊರು ಅವನನ್ನು ಹೊಗಳಿತು.

ಸಭೆ ಶುರುವಾಯಿತು. ಮೃತಳ ನೆನಪಿಗೆ ಎಲ್ಲರೂ ಎದ್ದು ಮೌನವಾಗಿ ನಿಂತರು. ತಲೆ ತಗ್ಗಿಸದೆ ನಿಂತವರು ನೀಲಾಂಬಿಕಾಳನ್ನು ಬಿಟ್ಟರೆ ಡಾಲ್ಟನ್ ಒಬ್ಬನೇ. ಅವನು ಸುಶಾಂತನನ್ನು ನೋಡುತ್ತಿದ್ದ. ಆ ನೋಟದಲ್ಲಿ ಅನುಕಂಪದ ಎಳೆಯೂ ಇರಲಿಲ್ಲ. ತನ್ನ ಕತ್ತು ಹಿಡಿದವನನ್ನು ನೋಡುವ ಹಾಗೆ ನೋಡುತ್ತಿದ್ದ.

ಕೈಗಳು ಮೇಲೆದ್ದವು. ಒಪ್ಪಂದ ಪಾಸಾಯಿತು. ಸುಶಾಂತ ಮೇಜು ಸುತ್ತಿ ಬಂದು ಯೂನಿಯನ್ ತಂಡದ ಒಬ್ಬೊಬ್ಬರ ಕೈ ಕುಲುಕಿದ. ತಂಡದ ಕೊನೆಯಲ್ಲಿ ಗಿಡ್ಡ ಕೂದಲಿನ, ಅಗಲ ಭುಜದ ಬ್ರಾಂಟ್ ನಿಂತಿದ್ದ. ಅವನ ಮುಂದೆ ಬರುತ್ತಲೇ ಸುಶಾಂತನ ಫೋನ್ ಕಿವಿಗೆ ಹೋಯಿತು. ಫೋನ್ ರಿಂಗಾದದ್ದನ್ನು ನೀಲಾಂಬಿಕಾ ಕೇಳಲಿಲ್ಲ.

ಹೊರಗಿನ ಕಾರಿಡಾರಿನಲ್ಲಿ ಪೊಲೀಸನೊಬ್ಬನ ಹೆಂಡತಿ ಡಾಲ್ಟನ್‌ಗೆ ಅಡ್ಡ ನಿಂತಿದ್ದಳು.

"ನಮ್ಮನ್ನು ಯಾಕೆ ಮಾರಿದೆ, ಅದನ್ನಷ್ಟು ಹೇಳು," ಎಂದಳು.

ಡಾಲ್ಟನ್ ಅವಳನ್ನು ದಾಟಿ ನೀರಿನ ನಲ್ಲಿಯತ್ತ ನಡೆದ. ಅಲ್ಲಿ ನೀಲಾಂಬಿಕಾ ಕಾಯುತ್ತಿದ್ದಳು.

"ಸಾರ್ಜೆಂಟ್, ಒಂದೇ ಮಾತು. ಫೌಜದಾರ ಅಂದರೆ ಏನು?"

ಅವಳು ಆ ಪದವನ್ನು ಮಲ್ಲಮ್ಮ ಹೇಳುವ ಹಾಗೆಯೇ ಹೇಳಿದಳು. ಮಿಷಿಗನ್‌ನಲ್ಲಿ ಹುಟ್ಟಿ ಬೆಳೆದ ಬಿಳಿಯನಿಗೆ ಅದು ಬರೀ ಸದ್ದಾಗಿ ಕೇಳಿಸಬೇಕಿತ್ತು. ಏನು, ಇನ್ನೊಮ್ಮೆ ಹೇಳಿ ಎನ್ನಬೇಕಿತ್ತು.

ಡಾಲ್ಟನ್‌ನ ಕೈಯ ಕಾಗದದ ಲೋಟ ನಜ್ಜುಗುಜ್ಜಾಯಿತು. ನೀರು ಬೂಟಿನ ಮೇಲೆ ಚೆಲ್ಲಿತು.

"ಅದನ್ನು ಯಾರ ಹತ್ತಿರವೂ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದ ಅವನು," ಎಂದ. ಎಂದವನೇ ತಾನು ಏನಂದೆ ಎಂದು ಅರಿವಾಗಿ ಅವನ ಕುತ್ತಿಗೆ ಕೆಂಪಾಯಿತು.

"ಯಾರು ಮಾತು ಕೊಟ್ಟಿದ್ದು?"

"ದಾರಿ ಬಿಡಿ."

"ಕನ್ನಡದ ಆ ಒಂದು ಪದ ನಿಮಗೆ ಹೇಳಿಕೊಟ್ಟವರು ಯಾರು, ಸಾರ್ಜೆಂಟ್?"

ಅವನು ಅವಳ ಕಿವಿಯ ಹತ್ತಿರ ಬಾಗಿದ. "ನಿಮ್ಮ ಆ ಅಂಗಡಿಯವನಿಗೆ ಇನ್ನೂ ಕೈ ಇದೆ, ಕಾಲಿದೆ. ಒಳಗೆ ಊಟದ ಸಾಲು ದಿನಾ ಇರುತ್ತೆ."

ಅಷ್ಟು ಹೇಳಿ ಹೋದ. ನೀಲಾಂಬಿಕಾಳಿಗೆ ಬೇಕಾದದ್ದು ಸಿಕ್ಕಿತ್ತು. ಡಾಲ್ಟನ್‌ಗೆ ಆ ಪದ ಗೊತ್ತು. ಅಂದರೆ ರೆಕಾರ್ಡಿಂಗ್ ಕೇಳಿ ಅದರ ಅರ್ಥ ತಿಳಿದವರು ಅವನಿಗೆ ಹೇಳಿದ್ದಾರೆ. ಅದನ್ನು ಕೇಳಬಲ್ಲ, ತಿಳಿಯಬಲ್ಲ, ಹೇಳಿ ಲಾಭ ಪಡೆಯಬಲ್ಲ ಮನುಷ್ಯ ಆ ಊರಿನಲ್ಲಿ ಒಬ್ಬನೇ ಇದ್ದ.

*

ಸುಶಾಂತ ಬಾಗಿಲು ತೆರೆದಾಗ ಬಿಸಿಲು ಇನ್ನೂ ಎದುರು ಮನೆಗಳ ಮಾಡಿನ ಮೇಲಿತ್ತು. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಅವನು ಅವಳನ್ನು ಒಳಗೆ ಬಿಡಲು ಹಿಂದೆ ಮುಂದೆ ನೋಡಲಿಲ್ಲ.

"ವಹೀದಾ ಅವರ ಕಡೆಯವರು ಅಲ್ವಾ? ಬನ್ನಿ. ಸ್ಮಿತಾ ಓಕ್ ಬ್ರೂಕ್ ಆಫೀಸಿಗೆ ಹೋಗಿದಾಳೆ, ನಾಲ್ಕು ಗಂಟೆ ದಾರಿ, ನಾಳೆ ಬರ್ತಾಳೆ. ಕಾಫಿ ನಾನೇ ಮಾಡ್ಬೇಕು, ಚೆನ್ನಾಗಿರಲ್ಲ."

ಇಪ್ಪತ್ತು ವರ್ಷ ಮೈಸೂರಿನ ಹೆಂಡತಿ ಸ್ಮಿತಾಳ ಜೊತೆ ಬಾಳಿ ಅವನ ಧಾರವಾಡದ ಮಾತು ತೊಳೆದುಹೋಗಿತ್ತು. ಅಚ್ಚುಕಟ್ಟಾದ ಮನುಷ್ಯ. ಸಿಟಿ ಹಾಲಿನಲ್ಲಿ ತೊಟ್ಟಿದ್ದ ಟೈ ಇನ್ನೂ ಸಡಿಲಾಗಿರಲಿಲ್ಲ. ಮುಂದಿನ ತಿಂಗಳು ಅವನನ್ನು ಸಿಟಿ ಮ್ಯಾನೇಜರ್, ಅಂದರೆ ಊರಿನ ಇಡೀ ಆಡಳಿತದ ಮುಖ್ಯಸ್ಥ, ಮಾಡುತ್ತಾರೆಂಬ ಸುದ್ದಿ ಊರಿಗೆಲ್ಲ ಗೊತ್ತಿತ್ತು.

ಮಲ್ಲಮ್ಮನ ವಾಕರ್ ಮಡಿಚಿ ಬಾಗಿಲ ಬಳಿ ಇಟ್ಟಿತ್ತು. ಯಾವುದೋ ದಾನದ ಅಂಗಡಿಯ ಹಳದಿ ಚೀಟಿ ಅದಕ್ಕೆ ಅಂಟಿಸಿತ್ತು. ಬೇಸ್‌ಮೆಂಟಿನ ಬಾಗಿಲಿಗೆ ಹೊಸ ಬಿಳಿ ಬಣ್ಣ ಬಳಿದಿದ್ದರು.

"ನಿಮ್ಮ ಮನೆ ಮುಂದಿನ ಕ್ಯಾಮೆರಾ ಅವತ್ತು ಯಾಕೆ ಆಫ್ ಆಗಿತ್ತು?" ನೀಲಾಂಬಿಕಾ ಕೇಳಿದಳು.

"ಬ್ಯಾಟರಿ. ಸ್ಮಿತಾ ಚಾರ್ಜ್ ಮಾಡೋಕೆ ಮರ್ತಿದ್ಲು. ಪೊಲೀಸರಿಗೆ ಹೇಳಿದೀನಿ."

"ನೀವು ಎಲ್ಲಿದ್ರಿ?"

"ಮೀಟಿಂಗಲ್ಲಿ. ಡಾಲ್ಟನ್, ಅವನ ಟೀಮು, ಎಲ್ಲರೂ ಎದುರಿಗಿದ್ರು."

"ಬ್ರಾಂಟ್ ಇರಲಿಲ್ಲ."

"ಡ್ಯೂಟಿ ಅಂದ್ರು."

"ಇವತ್ತು ಅವನ ಕೈ ಮುಟ್ಟಲಿಲ್ಲ ನೀವು. ಬಾರದ ಕಾಲ್ ತಗೊಂಡ್ರಿ."

ಸುಶಾಂತ ಕಾಫಿ ಕಪ್ಪನ್ನು ಕೌಂಟರಿನ ಮೇಲೆ ಇಟ್ಟ.

ಅವಳು ಮಾತು ಬದಲಿಸಿ ತನ್ನ ಮನೆಯ ಮಾತಿಗೆ ಇಳಿದಳು. "ಡಾಲ್ಟನ್‌ಗ ಫೌಜದಾರ ಅಂದ್ರ ಏನಂತ ಗೊತ್ತೈತಿ. ಯಾರು ಕಲಿಸಿದ್ರು?"

ಅವನು ಕಿಟಕಿಯಾಚೆ ನೋಡಿದ. ಉತ್ತರ ಬಂದಾಗ ಮೈಸೂರು ಅವನ ನಾಲಿಗೆಯಿಂದ ಜಾರಿಹೋಗಿತ್ತು.

"ನಾನ ಕಲಿಸಿದೆ."

"ಯಾವಾಗ?"

"ಅವ್ವನ್ನ ಸುಟ್ಟು ಬಂದ ಮರುದಿನ. ಅವನ ಮನಿಗೇ ಹೋದೆ. ರೆಕಾರ್ಡಿಂಗ್ ಕೇಳಿಸಿದೆ, ಶಬ್ದದ ಅರ್ಥ ಹೇಳಿದೆ. ಇದು ನನಗ ಒಬ್ಬಂವಗ ಗೊತ್ತು, ಎರಡು ಪರ್ಸೆಂಟಿಗೆ ಸಹಿ ಮಾಡು, ನನ್ನೊಳಗ ಇಟಗೋತೀನಿ ಅಂದೆ."

ಅವನು ಅದನ್ನು ಸಿಟಿಯ ಬಜೆಟ್ ಓದುವ ದನಿಯಲ್ಲೇ ಹೇಳಿದ. ನೀಲಾಂಬಿಕಾ ಇದನ್ನು ಊಹಿಸಿಕೊಂಡೇ ಬಂದಿದ್ದಳು.

"ನಿಮ್ಮ ತಾಯಿ ಅವರು."

"ಅವ್ವ ಹೋಗಿಬಿಟ್ಟಿದ್ಲು. ಬ್ರಾಂಟ್ ಜೈಲಿಗೆ ಹೋದ್ರೂ ತಿರುಗಿ ಬರ್ತಿದ್ದಿಲ್ಲ. ಹದಿನಾಲ್ಕು ಪರ್ಸೆಂಟ್ ಕೊಟ್ಟಿದ್ರ ಈ ಊರಿನ ಲೈಬ್ರರಿ ಮುಚ್ಚತಿತ್ತು, ಆಂಬುಲೆನ್ಸ್ ಬೇರೆ ಊರಿನಿಂದ ಬರಬೇಕಾಗತಿತ್ತು. ನನ್ನ ಕೈಯಾಗ ಒಂದು ಇಸ್ಪೀಟ ಎಲಿ ಇತ್ತು. ಆಡಿದೆ."

"ಸಿಟಿ ಮ್ಯಾನೇಜರ್ ಆಗೂದೂ ಅದ ಎಲಿ ಮ್ಯಾಲ ಇತ್ತೇನು?"

ಅವನು ಕಾಫಿ ಕಪ್ಪನ್ನು ಸಿಂಕಿಗೆ ಒಯ್ದ.

"ಫಜಲುಲ್ಲಾ?"

"ಲಾಯರ್ ಹತ್ರ ಮಾತಾಡ್ರಿ. ತಪ್ಪೊಪ್ಪಿಕೊಂಡ್ರ ಕೈ ತಪ್ಪಿ ಆದದ್ದು ಅಂತ ಇಳಿಸ್ತಾರ. ನಾನೂ ಕೋರ್ಟಿನಾಗ ಅವರ ಪರ ಒಂದು ಮಾತು ಹೇಳ್ತೀನಿ. ನಾಕಾರು ವರ್ಷ, ಅಷ್ಟ."

"ಅವರ ದವಡಿ ಮುರದಾರ."

"ಕೇಳಿದೆ."

"ನಿಮ್ಮವ್ವಗ ವಾರಾ ವಾರಾ ಹಿಟ್ಟು ತಂದು ಕೊಟ್ಟು, ಒಂದು ತಾಸು ಕುಂತು, ಆಕಿ ಮಾತು ಕೇಳಿ ಹೋಗ್ತಿದ್ದ ಮನಿಷಾ. ಆಕಿಗೆ ಇಲ್ಲಿ ಮಾತಾಡಾಕ ಬ್ಯಾರೆ ಯಾರಿದ್ರು?"

"ಅದನ್ನೆಲ್ಲಾ ವಿಚಾರ ಮಾಡ್ಕೋತ ಕುಂತ್ರ ಯಾವ ಒಪ್ಪಂದನೂ ಆಗೂದಿಲ್ಲ," ಎಂದ ಸುಶಾಂತ. ಕಪ್ಪನ್ನು ತೊಳೆದು, ಒರೆಸಿ, ಬೋರಲು ಹಾಕಿದ.

ನೀಲಾಂಬಿಕಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಕಟ್ಟಿಕೊಂಡು ನಿಂತಳು.

"ಫಜಲು ಅಂತ ಬರೆಸಿದ್ದೂ ನೀವ?"

"ಅಲ್ಲ. ಅದು ಸ್ಮಿತಾ. ಆ ಸಂಜಿ ನನಗ ಕೂತು ಬರೀಲಿಕ್ಕೆ ಆಗಲಿಲ್ಲ. ಓಕ್ ಬ್ರೂಕಿನಿಂದ ಡ್ರೈವ್ ಮಾಡ್ಕೊಂಡು ಬಂದು, ಆಕೀನ ಪೊಲೀಸ್ ಚೀಫ್ ಜೊತಿಗೆ ಕುಂತು ಬರೆಸಿದ್ಲು. ಮೈಸೂರಿನಾಕಿ. ಫೌಜದಾರ ಅನ್ನೂ ಮಾತು ಆಕಿ ಹುಟ್ಟಿದಾಗಿಂದ ಕೇಳಿಲ್ಲ. ಫಜಲು ಅಂತ ಕೇಳಿಸ್ತು, ಹಂಗ ಬರೆಸಿದ್ಲು. ನಾನು ಆಮ್ಯಾಲ ಒಬ್ಬನ ಕೇಳಿದಾಗ ತಪ್ಪಾಗೇದ ಅಂತ ತಿಳೀತು."

"ತಿಳಿದೂ ಬಿಟ್ಟುಬಿಟ್ರಿ."

"ಬಿಟ್ಟೆ."

"ಕಡೀದು ಕತ್ತರಿಸಿದ್ದು ಯಾರು?"

"ಚೀಫ್. ಅತ್ತಿ ನರಳೂದು ಕೋರ್ಟಿನಾಗ ನಾಕು ಮಂದಿ ಕೇಳಬಾರದು ಅಂತ ಸ್ಮಿತಾ ಕೈ ಮುಗದು ಕೇಳಿದ್ಲಂತ. ಆ ಮನಿಷಾನೂ ಹೂಂ ಅಂದ. ಪೂರ್ತಿದು ಮೊದಲ ದಿನ, ತಾನು ಕೇಳೂಕಿಂತ ಮೊದಲ, ನನಗ ಕಳಿಸಿದ್ದ. ನನ್ನ ಫೋನಿನಾಗ ಐತಿ."

"ಅದರಾಗ ಏನೈತಿ?"

ಮೊದಲ ಬಾರಿಗೆ ಸುಶಾಂತನ ಕೈ ಟೈಯ ಗಂಟಿಗೆ ಹೋಯಿತು.

"ಗೊತ್ತಿಲ್ಲ."

"ನೀವು ಕೇಳಿಲ್ಲ?"

"ಮತ್ತ ಅವನ ಬಂದ ಅಂತಾಳಲ್ಲ, ಅಲ್ಲಿ ಮಟಾ ಕೇಳೀನಿ. ಅದರ ಮುಂದ..." ಅವನು ನಿಲ್ಲಿಸಿದ. "ಅದರ ಮುಂದ ನಮ್ಮವ್ವ ಸಾಯ್ತಾಳ. ಅದನ್ನ ನಾನು ಯಾಕ ಕೇಳಲಿ?"

ನೀಲಾಂಬಿಕಾ ಹತ್ತಿರ ಬಂದಳು. ಇಷ್ಟು ಹೊತ್ತು ಅವಳ ದನಿಯಲ್ಲಿದ್ದ ಬಿಸಿ ಆರಿಹೋಗಿತ್ತು.

"ಸಾಯೂದನ್ನ ಕೇಳದ ಮಾರಿದ್ರಿ ಹಂಗಾದ್ರ."

"ನೀವು ಹೋಗ್ರಿ ಇನ್ನ."

"ಡಾಲ್ಟನ್ ಮುಂದ ಕುಂತು ಹೆಂಗ ಬೆಲೆ ಕಟ್ಟಿದ್ರಿ? ಮಾಲು ಪೂರಾ ಬಿಚ್ಚಿ ನೋಡದ? ಅದರಾಗ ಬ್ರಾಂಟ್ ಆಕಿಗೆ ಏನ ಮಾಡಿದ ಅಂತ ಐತಿ. ಕುತ್ತಿಗಿ ಹಿಚುಕಿದನೋ, ಬಾಯಿ ಮುಚ್ಚಿದನೋ. ಆಕಿ ನಿಮ್ಮ ಹೆಸರು ಕೂಗಿದಳೋ ಇಲ್ಲೋ. ಅದಕ್ಕ ಎಷ್ಟು ಪರ್ಸೆಂಟ್ ಹಿಡಿದ್ರಿ?"

"ಸಾಕು."

"ಹಚ್ರಿ."

"ಸಾಕಂದ್ನೆಲ್ಲ."

"ಹಚ್ಚದಿದ್ರ ನಾಳೆ ಕೋರ್ಟಿನ ಆರ್ಡರ್ ತಂದು ನೂರು ಮಂದಿ ಮುಂದ ಹಚ್ಚಿಸ್ತೀನಿ. ಈಗಾದ್ರ ಇಲ್ಲಿ ನಾವಿಬ್ಬರ ಅದೀವಿ."

ಅವನು ಅವಳನ್ನು ದಿಟ್ಟಿಸಿದ. ಮಾತುಕತೆಯ ಮೇಜಿನಲ್ಲಿ ಎಷ್ಟೋ ತಿಂಗಳು ಪೊಲೀಸರ ಕಣ್ಣಿಗೆ ಕಣ್ಣು ಕೊಟ್ಟು ಕೂತವನು ಈಗ ತಾನೇ ಮೊದಲು ಕಣ್ಣು ತಗ್ಗಿಸಿದ. ಫೋನ್ ತೆಗೆದು ಕೌಂಟರಿನ ಮೇಲಿಟ್ಟ. ರೆಕಾರ್ಡಿಂಗನ್ನು ಹುಡುಕಿ ಒತ್ತಿದ.

ಮಲ್ಲಮ್ಮನ ಪಿಸುಮಾತು ಬಂತು. "ಮತ್ತ ಅವನ ಬಂದ."

ರೆಕಾರ್ಡಿಂಗ್ ನಿಲ್ಲಲಿಲ್ಲ.

ಬೂಟುಗಳು ಮೆಟ್ಟಿಲಿಳಿದವು, ಅವಸರವಿಲ್ಲದೆ. ಮುದುಕಿ ನೆಲದ ಮೇಲೆ ತೆವಳುತ್ತಿರಬೇಕು, ಸೀರೆಯ ಸರಬರ ಕೇಳಿಸಿತು. "ಬ್ಯಾಡೋ ಯಪ್ಪಾ... ಕೈ ಮುಗಿತೀನಿ... ಸುಶ್ಯಾ... ಏ ಸುಶ್ಯಾ..."

ಸುಶಾಂತ ಕೌಂಟರಿನ ಅಂಚು ಹಿಡಿದುಕೊಂಡ.

ಗಂಡಸಿನ ದನಿ, ಇಂಗ್ಲಿಷಿನಲ್ಲಿ, ಬೇಸರದಿಂದ. "ಇನ್ನೂ ಮಾತಾಡ್ತಿದಾಳೆ. ಕೊರಳಲ್ಲಿ ಫೋನ್ ಇದೆ ಅಂತ ನನಗೆ ಯಾಕೆ ಹೇಳಲಿಲ್ಲ?"

ಅವನು ಅದನ್ನು ಮುದುಕಿಗೆ ಹೇಳಿರಲಿಲ್ಲ. ಅಲ್ಲಿದ್ದ ಇನ್ನೊಬ್ಬರಿಗೆ ಹೇಳಿದ್ದ.

ನೀಲಾಂಬಿಕಾ ಫೋನಿನ ಮೇಲೆ ಬಾಗಿದಳು. ಮೆಟ್ಟಿಲಿನಲ್ಲಿ ಬೇರೆ ಹೆಜ್ಜೆಗಳು, ಹಗುರಾದವು. ಮುದುಕಿಯ ಅಳು ಥಟ್ಟನೆ ನಿಂತಿತು. ಯಾರನ್ನೋ ಕಂಡು ಜೀವ ಬಂದ ಹಾಗೆ ಅವಳು ಉಸಿರೆಳೆದುಕೊಂಡಳು. "ಬಂದ್ಯಾ ನನ್ನವ್ವಾ. ನೋಡ ಇಲ್ಲಿ, ನನ್ನ ಏನ ಮಾಡ್ಯಾನ..."

ಆಗ ಹೆಂಗಸಿನ ದನಿ ಬಂತು. ಮೆತ್ತಗಿನ, ಸ್ಪಷ್ಟವಾದ, ಮೈಸೂರಿನ ಕನ್ನಡ.

"ಫೋನ್ ಕೊಡಿ ಅತ್ತೆ. ಕೊಡಿ ಇಲ್ಲಿ."

ರೆಕಾರ್ಡಿಂಗ್ ಮುಗಿಯಿತು.

ಸುಶಾಂತನ ಬಾಯಿ ತೆರೆದಿತ್ತು. ಅವನು ಫೋನನ್ನು ಎತ್ತಿ ಮತ್ತೆ ಅದೇ ಜಾಗಕ್ಕೆ ಬೆರಳೊಯ್ದ. ಒತ್ತಲಾರದೆ ಹಾಗೇ ನಿಂತ.

"ಆಕಿ ಓಕ್ ಬ್ರೂಕಿನಾಗ ಇದ್ಲು," ಎಂದ. "ಅಲ್ಲಿಂದ ನನಗ ಫೋನ್ ಮಾಡಿದ್ಲು. ಟ್ರಾಫಿಕ್‌ನಾಗ ಅದೀನಿ ಅಂದ್ಲು. ಅಳಾಕತ್ತಿದ್ಲು."

"ಸುಶಾಂತ, ಆ ಫೋನ್ ನನ್ನ ಕೈಗೆ ಕೊಡ್ರಿ."

"ಫೌಜದಾರ ಅಂದ್ರ ಆಕಿಗೆ ಗೊತ್ತಿದ್ದಿಲ್ಲ." ಅವನು ತನಗೇ ಹೇಳಿಕೊಳ್ಳುತ್ತಿದ್ದ. "ಆಕಿಗೆ ಗೊತ್ತಿದ್ದಿಲ್ಲ ಅಂತ ನಾನು..."

"ಕೊಡ್ರಿ. ಈಗ. ಇಲ್ಲಿಂದ ಹೊರಡೂಣು."

ಅವನು ಕೊಡಲಿಲ್ಲ. ಅವನ ಕಣ್ಣು ಅವಳ ಭುಜದಾಚೆ ಎಲ್ಲೋ ನೆಟ್ಟಿತ್ತು.

ನೀಲಾಂಬಿಕಾ ತಿರುಗಿದಳು. ಹೊಸ ಬಣ್ಣ ಬಳಿದ ಬೇಸ್‌ಮೆಂಟ್ ಬಾಗಿಲು ತೆರೆದಿತ್ತು. ಅದರ ಚೌಕಟ್ಟಿಗೆ ಒರಗಿ, ಆಫೀಸಿನ ಉಡುಪಿನಲ್ಲಿ, ಬರಿಗಾಲಿನಲ್ಲಿ ಒಬ್ಬಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಡುಗೆಮನೆಯ ಬೆಳಕಿನಲ್ಲಿ ಅವಳ ಮುಖ ತುಂಬ ದಣಿದಂತೆ ಕಾಣುತ್ತಿತ್ತು.

ಸ್ಮಿತಾ ಬಾಗಿಲನ್ನು ಹಿಂದಿನಿಂದ ಸದ್ದಾಗದಂತೆ ಎಳೆದುಕೊಂಡಳು. ಕೌಂಟರಿನ ಬಳಿ ನಿಂತ ಇಬ್ಬರನ್ನೂ ನೋಡಿದಳು. ಗಂಡನ ಕೈಯಲ್ಲಿದ್ದ ಫೋನನ್ನು ನೋಡಿದಳು.

"ಎಲ್ಲಿವರೆಗೂ ಕೇಳಿದ್ರಿ?" ಎಂದಳು.